ಕಬಿನಿಯ ಲಾಡ್ಜ್‌ನಲ್ಲಿ ಮಹಾರಾಜ, ವೈಸರಾಯ್ ಹೆಸರಿನ ಬಂಗಲೆಗಳು ಯಾಕಿವೆ? ಸುಮ್ನೆ ಗತ್ತಿಗಾ?

ಸುಮ್ನೆ ಅಲ್ಲ. ಎಚ್.ಡಿ. ಕೋಟೆಯ ಕಾರಾಪುರದ ಆ ಜಾಗ ಮೈಸೂರು ಅರಸರ ಶಿಕಾರಿ ಬಿಡಾರ. ವೈಸರಾಯ್‌ಗಳು, ಯುರೋಪಿನ ರಾಜಮನೆತನದವರು ಅರಸರ ಅತಿಥಿಗಳಾಗಿ ಈ ಕಾಡಿಗೆ ಬರುತ್ತಿದ್ದರು. ಹುಲಿ ಬೇಟೆಯೂ ಇತ್ತು, ಆದರೆ ದೊಡ್ಡ ಆಕರ್ಷಣೆ ಪಕ್ಕದ ಕಾಕನಕೋಟೆಯ ಖೆಡ್ಡಾ, ಅಂದರೆ ಕಾಡಾನೆ ಹಿಂಡನ್ನೇ ಸುತ್ತುವರಿದು ಹಿಡಿಯುವುದು.

ಅದು ಹೇಗಿತ್ತು ಅಂದ್ರೆ, ನೂರಾರು ಜನ ತಮಟೆ ಬಡಿದು, ಪಂಜು ಹಿಡಿದು, ಕೂಗುತ್ತಾ ಹಿಂಡನ್ನು ಹೊಳೆಗೆ ಇಳಿಸುತ್ತಿದ್ದರು, ಆಚೆ ದಡದಲ್ಲಿ ದಪ್ಪ ಮರದ ದಿಮ್ಮಿಗಳ ಆವರಣ ಕಾದಿರುತ್ತಿತ್ತು. ಒಳಗೆ ಸಿಕ್ಕ ಆನೆಯನ್ನು ಪಳಗಿದ ಆನೆಗಳು ಎರಡೂ ಕಡೆಯಿಂದ ಒತ್ತಿ ಹಿಡಿದಾಗ, ಮಾವುತ ಕೆಳಗಿಳಿದು ಅದರ ಹಿಂಗಾಲಿಗೆ ಹಗ್ಗ ಬಿಗಿಯುತ್ತಿದ್ದ. ಅತಿಥಿಗಳು ಎತ್ತರದ ಅಟ್ಟಣೆಯಲ್ಲಿ ಕೂತು ನೋಡುತ್ತಿದ್ದರು. ಪ್ರಾಣ ಪಣಕ್ಕಿಟ್ಟವರು ಜಾಸ್ತಿ ಜೇನುಕುರುಬರು, ಬೆಟ್ಟಕುರುಬರು.

ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಆಮೇಲೆ ಕಬಿನಿ ಹಿನ್ನೀರಲ್ಲಿ ಹಳೆಯ ಕಾಡಿನ ಎಷ್ಟೋ ಭಾಗ ಮುಳುಗಿತು. ಬಂಗಲೆಗಳು ಉಳಿದವು, ಸರ್ಕಾರದ ಜಂಗಲ್ ಲಾಡ್ಜಸ್ ಈಗ ಅಲ್ಲಿ ಪ್ರವಾಸಿಗರನ್ನು ಉಳಿಸಿಕೊಳ್ಳುತ್ತದೆ.

ನನ್ನ ಪ್ರಕಾರ ಇಂಥ ಕೋಣೆಗಳ ಗೋಡೆ ಮೇಲೆ ಕೋವಿ ಹಿಡಿದ ದೊರೆಗಳ ಜೊತೆ ಆ ಮಾವುತರ ಚಿತ್ರವೂ ಇರಬೇಕು. ಅರ್ಜುನನದ್ದೂ ಬೇಕು. ದಸರಾದಲ್ಲಿ ಅಂಬಾರಿ ಹೊತ್ತ ಅರ್ಜುನ ನೆನಪಿದ್ದಾನಲ್ವಾ? ಅವನನ್ನು ಹಿಡಿದದ್ದು ಇದೇ ಕಾಕನಕೋಟೆಯಲ್ಲಿ, 1968ರ ಖೆಡ್ಡಾದಲ್ಲಿ.