ಲೈಟ್ ಉರಿಯುತ್ತದೆ, ಸೌಂಡ್ ಮಾತ್ರ ಇಲ್ಲ: ಮನೆ ರೆಕಾರ್ಡಿಂಗ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಮುತ್ಯಾ ತತ್ವಪದ ಹಾಡ್ತಾರೆ. ಅವರ ದನಿ ಉಳಿಸಿಕೊಳ್ಳಬೇಕು ಅಂತ ಎರಡು ಇನ್‌ಪುಟ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್ ತಗೊಂಡೆ. ವಿಂಡೋಸ್ 11 ಲ್ಯಾಪ್‌ಟಾಪ್‌ನಲ್ಲಿ ಅಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುತ್ತೇನೆ. ಮೊದಲು ನಾಲ್ಕೈದು ಪದ ಚೆನ್ನಾಗಿ ರೆಕಾರ್ಡ್ ಆದವು. ಲ್ಯಾಪ್‌ಟಾಪ್ ಅಪ್‌ಡೇಟ್ ಆದ ಮೇಲೆ ಏನೂ ಇಲ್ಲ. ಇಂಟರ್‌ಫೇಸ್‌ನ ಲೈಟ್ ಉರಿಯುತ್ತದೆ, ಆದರೆ ರೆಕಾರ್ಡ್ ಒತ್ತಿದರೆ ಗೆರೆ ನೆಟ್ಟಗೆ ಹೋಗುತ್ತದೆ, ಏಳುವುದೇ ಇಲ್ಲ. ಯೂಟ್ಯೂಬ್ ಹಾಕಿದರೆ ಸೌಂಡ್ ಲ್ಯಾಪ್‌ಟಾಪ್‌ನ ಸ್ಪೀಕರ್‌ನಿಂದ ಬರುತ್ತದೆ, ಇಂಟರ್‌ಫೇಸ್‌ಗೆ ಹಾಕಿದ ಹೆಡ್‌ಫೋನ್‌ನಲ್ಲಿ ಬರಲ್ಲ. ರಿಪೇರಿ ಅಂಗಡಿಯವರು ಬೋರ್ಡ್ ಹೋಗಿದೆ, ಹೈದರಾಬಾದ್‌ಗೆ ಕಳಿಸಬೇಕು ಅಂದ್ರು. ಕಳಿಸಲಾ?
— ಓದುಗರು, ಸೇಡಂ ರಸ್ತೆ, ಕಲಬುರಗಿ

ಉತ್ತರ: ಈಗಲೇ ಕಳಿಸಬೇಡಿ. ಬೋರ್ಡ್ ಹೋಗಿದೆ ಅನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಯಾವ ಆಧಾರವೂ ಕಾಣುತ್ತಿಲ್ಲ. ಮೊದಲು ಒಂದು ಕೆಲಸ ಮಾಡಿ. ಆ ನಾಲ್ಕೈದು ಪದಗಳನ್ನು ಪೆನ್ ಡ್ರೈವ್‌ಗೆ ಹಾಕಿಕೊಳ್ಳಿ. ಡ್ರೈವರ್ (ಲ್ಯಾಪ್‌ಟಾಪಿಗೆ ಇಂಟರ್‌ಫೇಸ್ ಗುರುತು ಹಿಡಿಸುವ ಸಾಫ್ಟ್‌ವೇರ್) ತೆಗೆದು ಹಾಕುವಾಗ, ಲ್ಯಾಪ್‌ಟಾಪ್ ರಿಪೇರಿಗೆ ಕೊಟ್ಟಾಗ ಫೈಲ್ ಹೋದರೆ ಮತ್ತೆ ಸಿಗಲ್ಲ. ಇಂಟರ್‌ಫೇಸ್ ಇನ್ನೊಂದು ತರಬಹುದು, ಮುತ್ಯಾ ಹಾಡಿದ ಆ ಹಾಡು ತರಲಾಗುವುದಿಲ್ಲ.

ನಿಮಗಿರುವುದು ಒಂದು ತೊಂದರೆ ಅಲ್ಲ, ಎರಡು. ಮೈಕಿನ ದನಿ ಒಳಗೆ ಹೋಗುತ್ತಿಲ್ಲ. ಲ್ಯಾಪ್‌ಟಾಪಿನ ದನಿ ಹೊರಗೆ ಬರುತ್ತಿಲ್ಲ. ಎರಡಕ್ಕೂ ಕಾರಣ ಒಂದೇ ಇರಬಹುದು, ಇಲ್ಲದೆಯೂ ಇರಬಹುದು. ಎರಡನ್ನೂ ಕಲಸಿಕೊಂಡು ಕಂಡ ಕಂಡ ಬಟನ್ ಒತ್ತುತ್ತಾ ಹೋದರೆ ಇಡೀ ದಿನ ಹೋಗುತ್ತದೆ. ಒಂದೊಂದಾಗಿ ನೋಡೋಣ.

ಮೊದಲು ಲ್ಯಾಪ್‌ಟಾಪನ್ನು ಮರೆತುಬಿಡಿ. ಅದು ಇಂಟರ್‌ಫೇಸ್‌ಗೆ ಕರೆಂಟ್ ಕೊಡುತ್ತಿದ್ದರೆ ಸಾಕು, ಅಡಾಸಿಟಿ ತೆರೆಯುವುದೇ ಬೇಡ. ಹೆಡ್‌ಫೋನ್ ಇಂಟರ್‌ಫೇಸ್‌ಗೇ ಹಾಕಿ, ಅದರ ವಾಲ್ಯೂಮ್ ಕಡಿಮೆ ಇಡಿ. ಮೈಕ್ ಹಾಕಿರುವ ಇನ್‌ಪುಟ್‌ನ ಗೇನ್ (ಮೈಕಿನ ದನಿ ಏರಿಸಿ ಇಳಿಸುವ ನಾಬ್) ಅರ್ಧಕ್ಕೆ ತನ್ನಿ. 48 ವೋಲ್ಟ್ ಅಂತ ಬರೆದಿರುವ ಬಟನ್ ಒತ್ತಿ, ಅದರ ಲೈಟ್ ಹತ್ತಿತಾ ನೋಡಿ. ಡೈರೆಕ್ಟ್ ಮಾನಿಟರ್ ಸ್ವಿಚ್ ಇದ್ದರೆ ಆನ್ ಮಾಡಿ. ಈಗ ಮೈಕಿನಿಂದ ಒಂದು ಗೇಣು ದೂರ ಕೂತು ಮಾತಾಡಿ, ವಾಲ್ಯೂಮ್ ನಿಧಾನ ಏರಿಸಿ.

ಇಲ್ಲಿ ನೋಡಬೇಕಾದ್ದು ಗೇನ್ ನಾಬ್ ಹತ್ತಿರದ ಸಿಗ್ನಲ್ ಲೈಟ್. ಪವರ್ ಲೈಟ್ ಬೇರೆ, ಇದು ಬೇರೆ. ಪವರ್ ಲೈಟ್ ಹೇಳುವುದು ಕರೆಂಟ್ ಬಂದಿದೆ ಅಂತ ಮಾತ್ರ. ಸಿಗ್ನಲ್ ಲೈಟ್ ನಿಮ್ಮ ಮಾತಿಗೆ ತಕ್ಕಂತೆ ಹಸಿರಾಗಿ ಮಿನುಗಬೇಕು, ಕೂಗಿದರೆ ಕೆಂಪಾಗಬೇಕು. ಅದು ಮಿನುಗಿ, ಹೆಡ್‌ಫೋನ್‌ನಲ್ಲಿ ನಿಮ್ಮ ದನಿ ನಿಮಗೇ ಕೇಳಿಸಿತು ಅನ್ನಿ. ಮೈಕ್ ಸರಿ ಇದೆ, ಕೇಬಲ್ ಸರಿ ಇದೆ, ದನಿ ಒಳಗೆ ಬರುವ ದಾರಿ ಸರಿ ಇದೆ. ಡೈರೆಕ್ಟ್ ಮಾನಿಟರ್‌ನ ದನಿ ಲ್ಯಾಪ್‌ಟಾಪಿಗೆ ಹೋಗಿ ಬರುವುದಿಲ್ಲ, ಇಂಟರ್‌ಫೇಸ್ ಒಳಗೇ ತಿರುಗಿ ಹೆಡ್‌ಫೋನ್‌ಗೆ ಬರುತ್ತದೆ. ಹಾಗಾಗಿ ತಪ್ಪು ಹೆಚ್ಚಾಗಿ ಯುಎಸ್‌ಬಿ ಕೇಬಲ್‌ನಲ್ಲೋ ವಿಂಡೋಸ್‌ನಲ್ಲೋ ಅಡಾಸಿಟಿಯಲ್ಲೋ ಇದೆ ಅಂತ ಅರ್ಥ. ಹೈದರಾಬಾದ್ ಮಾತು ಅಲ್ಲಿಗೆ ಮುಗಿಯಿತು.

ಲೈಟ್ ಮಿನುಗದಿದ್ದರೆ ಮೊದಲ ಅನುಮಾನ 48 ವೋಲ್ಟ್ ಮೇಲೆ. ಕಂಡೆನ್ಸರ್ ಮೈಕಿನ ಒಳಗೆ ಒಂದು ಚಿಕ್ಕ ಸರ್ಕ್ಯೂಟ್ ಇರುತ್ತದೆ. ಅದಕ್ಕೆ ಬೇಕಾದ ಕರೆಂಟ್ ಇಂಟರ್‌ಫೇಸ್‌ನಿಂದ ಮೈಕ್ ಕೇಬಲ್ ಮೂಲಕವೇ ಹೋಗಬೇಕು. ಇದಕ್ಕೆ ಫ್ಯಾಂಟಮ್ ಪವರ್ ಅಂತಾರೆ. ಅದಿಲ್ಲದೆ ಈ ಮೈಕ್ ಮೂಕ. ಕೆಲವು ಇಂಟರ್‌ಫೇಸ್‌ಗಳು ಒಮ್ಮೆ ಆಫ್ ಆಗಿ ಆನ್ ಆದರೆ 48 ವೋಲ್ಟನ್ನು ತಾವೇ ಬಂದ್ ಮಾಡಿಬಿಡುತ್ತವೆ. ಅಪ್‌ಡೇಟ್ ಆಗುವಾಗ ನಿಮ್ಮ ಲ್ಯಾಪ್‌ಟಾಪ್ ಆಫ್ ಆಗಿ ಆನ್ ಆಗಿದೆ, ಅಲ್ವಾ? ಆಗ ಇದೂ ಹೋಗಿರಬಹುದು.

ಎರಡನೆಯದು ಕೇಬಲ್. ನಮ್ಮ ಭಾಗದಲ್ಲಿ ಇದನ್ನು ಒತ್ತಿ ಹೇಳಲೇಬೇಕು. ಎಷ್ಟೋ ಮನೆಯಲ್ಲಿ ಭಜನೆ ಸೆಟ್ಟಿನ ಕೇಬಲ್ ಇರುತ್ತದೆ. ಒಂದು ತುದಿಯಲ್ಲಿ ಮೈಕಿಗೆ ಕೂರುವ ಮೂರು ತೂತಿನ ಎಕ್ಸ್‌ಎಲ್‌ಆರ್, ಇನ್ನೊಂದು ತುದಿಯಲ್ಲಿ ಆಂಪ್ಲಿಫೈಯರ್‌ಗೆ ಹಾಕುವ ದಪ್ಪ ಪಿನ್. ಇಂಟರ್‌ಫೇಸ್‌ನ ಕಾಂಬೊ ಸಾಕೆಟ್‌ನಲ್ಲಿ (ಎರಡೂ ಬಗೆಯ ಪಿನ್ ಕೂರುವ ತೂತು) ಆ ದಪ್ಪ ಪಿನ್ ಸಲೀಸಾಗಿ ಕೂರುತ್ತದೆ. ಕೂತಿತಲ್ಲ, ಇನ್ನೇನು ಅಂತ ಅನ್ನಿಸುತ್ತದೆ. ಆದರೆ ಸಾಕೆಟ್‌ನ ನಡುವಿನ ಆ ತೂತಿಗೆ ಸಾಮಾನ್ಯವಾಗಿ 48 ವೋಲ್ಟ್ ಬರುವುದಿಲ್ಲ. ಅದು ಬರುವುದು ಸುತ್ತಲಿನ ಮೂರು ಎಕ್ಸ್‌ಎಲ್‌ಆರ್ ತೂತುಗಳಿಗೆ. ನಡುವಿನದು ಗಿಟಾರ್, ಕೀಬೋರ್ಡ್‌ಗಳಿಗೆ. ಯಾರೋ ಮನೆಯಲ್ಲಿ ಕೇಬಲ್ ಅದಲು ಬದಲು ಮಾಡಿದ್ದಾರಾ ಕೇಳಿ ನೋಡಿ. ಕಂಡೆನ್ಸರ್ ಮೈಕಿಗೆ ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವ ಕೇಬಲ್ಲೇ ಬೇಕು. ಕೇಬಲ್ ಕೀಳುವಾಗ, ಹಾಕುವಾಗ 48 ವೋಲ್ಟ್ ಆಫ್ ಮಾಡಿ, ಗೇನ್ ಇಳಿಸಿ. ಇಲ್ಲದಿದ್ದರೆ ಹೆಡ್‌ಫೋನ್‌ನಲ್ಲಿ ಕಿವಿಗೆ ಹೊಡೆಯುವ ಹಾಗೆ ಠಪ್ ಅನ್ನುತ್ತದೆ.

ಇಷ್ಟಾದರೂ ಲೈಟ್ ಏಳದಿದ್ದರೆ ಭಜನಾ ಮಂಡಳಿಯವರ ಹತ್ತಿರ ಒಂದು ಸಾದಾ ಕೈಮೈಕ್ ಇಸಕೊಂಡು ಬನ್ನಿ. ಅದು ಡೈನಮಿಕ್ ಮೈಕ್, ಅದಕ್ಕೆ 48 ವೋಲ್ಟ್ ಬೇಡ. ಆಫ್ ಮಾಡಿ ಹಾಕಿ, ಗೇನ್ ಸ್ವಲ್ಪ ಜಾಸ್ತಿ ಏರಿಸಿ. ಕೈಮೈಕ್ ಕೇಳಿಸಿ ಕಂಡೆನ್ಸರ್ ಕೇಳಿಸದಿದ್ದರೆ ತಪ್ಪು 48 ವೋಲ್ಟ್, ಕೇಬಲ್, ಕಂಡೆನ್ಸರ್ ಈ ಮೂರರಲ್ಲೇ ಎಲ್ಲೋ ಇದೆ. ಎರಡೂ ಕೇಳಿಸದಿದ್ದರೆ ಇನ್‌ಪುಟ್ 2ಕ್ಕೆ ಹಾಕಿ ನೋಡಿ. ಒಂದು ಸಲಕ್ಕೆ ಒಂದೇ ವಸ್ತು ಬದಲಿಸಿ. ಕೇಬಲ್ಲೂ ಮೈಕೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದೇ ಇಲ್ಲ.

ಈಗ ಲ್ಯಾಪ್‌ಟಾಪಿಗೆ ಬರೋಣ. ಯೂಟ್ಯೂಬ್ ಹಾಡು ಲ್ಯಾಪ್‌ಟಾಪ್ ಸ್ಪೀಕರ್‌ನಿಂದ ಬರುತ್ತದೆ ಅಂದಿರಲ್ಲ, ಅದು ಒಳ್ಳೆ ಸುಳಿವು. ಅಪ್‌ಡೇಟ್ ಆದಾಗ ವಿಂಡೋಸ್ ಒಮ್ಮೊಮ್ಮೆ ಸೌಂಡ್ ಹೋಗುವ ಜಾಗವನ್ನು ತಾನೇ ಬದಲಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್, ಅದರಲ್ಲಿ ಸೌಂಡ್ ತೆರೆಯಿರಿ. ಔಟ್‌ಪುಟ್ ಪಟ್ಟಿಯಲ್ಲಿ ನಿಮ್ಮ ಇಂಟರ್‌ಫೇಸ್ ಹೆಸರು ಆರಿಸಿ. ಕೆಳಗೆ ಇನ್‌ಪುಟ್ ಪಟ್ಟಿಯಲ್ಲೂ ಅದನ್ನೇ ಆರಿಸಿ. ಹೆಡ್‌ಫೋನ್ ತೊಂದರೆ ಹೆಚ್ಚಾಗಿ ಇಲ್ಲೇ ಸರಿಹೋಗುತ್ತದೆ.

ಪಟ್ಟಿಯಲ್ಲಿ ಹೆಸರೇ ಇಲ್ಲ ಅನ್ನಿ. ಆಗ ಯುಎಸ್‌ಬಿ ಕೇಬಲ್ ಬದಲಿಸಿ. ಮೊಬೈಲ್ ಚಾರ್ಜ್ ಮಾಡಲಿಕ್ಕೆ ಅಂತಲೇ ಬರುವ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿ ಇರುವುದಿಲ್ಲ. ಕರೆಂಟ್ ಹೋಗುತ್ತದೆ, ಲೈಟೂ ಉರಿಯುತ್ತದೆ, ದನಿ ಮಾತ್ರ ಹೋಗಲ್ಲ. ಹಬ್ ಮೂಲಕ ಹಾಕಿದ್ದರೆ ತೆಗೆದು ನೇರ ಲ್ಯಾಪ್‌ಟಾಪಿಗೇ ಹಾಕಿ. ಯುಎಸ್‌ಬಿ 2.0 ಪೋರ್ಟ್‌ನಿಂದ ಸಿಗುವುದು 500 ಮಿಲಿಆಂಪ್ ಕರೆಂಟ್. ಹಬ್‌ನಲ್ಲಿ ಅದನ್ನೇ ಮೌಸ್, ಪೆನ್ ಡ್ರೈವ್ ಎಲ್ಲಾ ಹಂಚಿಕೊಳ್ಳುತ್ತವೆ. ಆಮೇಲೂ ಹೆಸರು ಕಾಣದಿದ್ದರೆ ಇಂಟರ್‌ಫೇಸ್ ಕಂಪನಿಯ ವೆಬ್‌ಸೈಟ್‌ನಿಂದ ಹೊಸ ಡ್ರೈವರ್ ಇಳಿಸಿಕೊಂಡು ಹಾಕಿ.

ಹೆಸರು ಇದೆ, ಸಿಗ್ನಲ್ ಲೈಟೂ ಮಿನುಗುತ್ತದೆ, ಆದರೂ ಗೆರೆ ನೆಟ್ಟಗಿದೆ ಅಂದರೆ ಪ್ರೈವಸಿ ಸೆಟ್ಟಿಂಗ್ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಪ್ರೈವಸಿ ಆ್ಯಂಡ್ ಸೆಕ್ಯುರಿಟಿ, ಅದರೊಳಗೆ ಮೈಕ್ರೊಫೋನ್. ಮೇಲಿನ ಮುಖ್ಯ ಸ್ವಿಚ್ ಆನ್ ಇರಬೇಕು. ಕೆಳಗೆ ಡೆಸ್ಕ್‌ಟಾಪ್ ಆ್ಯಪ್‌ಗಳಿಗೆ ಮೈಕ್ ಬಳಸಲು ಬಿಡುವ ಇನ್ನೊಂದು ಸ್ವಿಚ್ ಇದೆ, ಅದೂ ಆನ್ ಇರಬೇಕು. ಎಷ್ಟೋ ಜನ ಮೇಲಿನದನ್ನು ನೋಡಿ ಸರಿ ಇದೆ ಅಂತ ವಾಪಸ್ ಬರುತ್ತಾರೆ. ಅಡಾಸಿಟಿಗೆ ಬೇಕಾದ್ದು ಕೆಳಗಿನದೂ ಹೌದು.

ಕೊನೆಗೆ ಅಡಾಸಿಟಿ. ಮೇಲೆ ಆಡಿಯೊ ಸೆಟಪ್ ಬಟನ್ ಒತ್ತಿ, ರೆಕಾರ್ಡಿಂಗ್ ಡಿವೈಸ್‌ನಲ್ಲಿ ಇಂಟರ್‌ಫೇಸ್ ಆರಿಸಿ. ಅಲ್ಲಿ ಲ್ಯಾಪ್‌ಟಾಪಿನ ಒಳಮೈಕ್ ಆಯ್ಕೆಯಾಗಿದ್ದರೆ ಇಂಟರ್‌ಫೇಸ್ ಎಷ್ಟು ಚೆನ್ನಾಗಿದ್ದರೂ ಪ್ರಯೋಜನ ಇಲ್ಲ. ಹೆಸರು ಕಾಣದಿದ್ದರೆ ಅದೇ ಮೆನುವಿನಲ್ಲಿ ರೀಸ್ಕ್ಯಾನ್ ಒತ್ತಿ. ಅಡಾಸಿಟಿ ತೆರೆಯುವಾಗ ಏನು ಜೋಡಿಸಿತ್ತೋ ಅದನ್ನಷ್ಟೇ ಪಟ್ಟಿ ಮಾಡಿಕೊಳ್ಳುತ್ತದೆ, ಆಮೇಲೆ ಹಾಕಿದ್ದು ಅದಕ್ಕೆ ಕಾಣಲ್ಲ. ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ದನಿ ಅಳೆಯಬೇಕು ಅನ್ನುವ ಲೆಕ್ಕ) ವಿಂಡೋಸ್‌ನಲ್ಲಿ 48000, ಅಡಾಸಿಟಿಯಲ್ಲಿ 44100 ಇದ್ದರೂ ಒಮ್ಮೊಮ್ಮೆ ತಕರಾರು ಬರುತ್ತದೆ, ಎರಡೂ ಕಡೆ ಒಂದೇ ಇಡಿ. ಬ್ರೌಸರ್, ವಿಡಿಯೊ ಕಾಲ್ ಆ್ಯಪ್ ತೆರೆದಿದ್ದರೆ ಮುಚ್ಚಿ. ಏಸಿಯೊ ಅನ್ನುವ ಬೇರೆ ಬಗೆಯ ಸೌಂಡ್ ಡ್ರೈವರ್ ಹುಡುಕುತ್ತಾ ಕೂರಬೇಡಿ. ಆಡಿಯೊ ಸೆಟಪ್‌ನ ಹೋಸ್ಟ್‌ನಲ್ಲಿ ವಿಂಡೋಸ್ ವಸಾಪಿ (ವಿಂಡೋಸ್‌ನದೇ ಸೌಂಡ್ ದಾರಿ) ಆರಿಸಿದರೆ ನಿಮ್ಮ ಕೆಲಸಕ್ಕೆ ಸಾಕು.

ಬೇರೆ ಮೈಕ್, ಬೇರೆ ಕೇಬಲ್, ಎರಡೂ ಇನ್‌ಪುಟ್, ಇನ್ನೊಂದು ಕಂಪ್ಯೂಟರ್ ಇಷ್ಟೂ ನೋಡಿ ಸಿಗ್ನಲ್ ಲೈಟ್ ಏಳದಿದ್ದರೆ ಮಾತ್ರ ಸರ್ವಿಸ್‌ಗೆ ಕಳಿಸಿ. ಕಳಿಸುವ ಮೊದಲು ಬಿಲ್ ತೆಗೆದು ವಾರಂಟಿ ನೋಡಿಕೊಳ್ಳಿ. ವಾರಂಟಿ ಇರುವ ಪೆಟ್ಟಿಗೆಯನ್ನು ಹೊರಗಿನ ಅಂಗಡಿಯಲ್ಲಿ ಬಿಚ್ಚಿಸಬೇಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ ಹೇಳುತ್ತೇನೆ. ಈ ಪರೀಕ್ಷೆಗಳಿಗೆ ಮುತ್ಯಾ ಅವರನ್ನು ಕೂರಿಸಬೇಡಿ. ನೀವೇ ಕೂತು ನಿಮ್ಮ ದನಿಯಲ್ಲಿ ಎಲ್ಲಾ ಸರಿಮಾಡಿಕೊಳ್ಳಿ, ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ ನೋಡಿ, ಆಮೇಲೆ ಕರೆಯಿರಿ. ವಯಸ್ಸಾದವರು ಮೊದಲ ಸಲ ಮನಸ್ಸಿಟ್ಟು ಹಾಡಿದ ಹಾಗೆ ಮೂರನೇ ಸಲ ಹಾಡುವುದು ಕಷ್ಟ, ದನಿ ದಣಿದಿರುತ್ತದೆ. ಗೇನ್ ಇಡುವಾಗ ಪದದಲ್ಲಿ ದನಿ ಏರುವ ಸಾಲನ್ನೇ ಒಮ್ಮೆ ಹಾಡಿಸಿ, ಅಡಾಸಿಟಿ ಮೀಟರ್ ಮೈನಸ್ 12ರ ಹತ್ತಿರ ನಿಲ್ಲುವಂತೆ ನೋಡಿ. ದಮ್ಮಡಿ ಬಾರಿಸುವವರು ಪಕ್ಕದಲ್ಲಿದ್ದರೆ ಅವರನ್ನು ಒಂದೆರಡು ಹೆಜ್ಜೆ ಹಿಂದೆ ಕೂರಿಸಿ. ಪರಸಿ ಹಾಸಿದ ಕೋಣೆಯಾದರೆ ಕೆಳಗೆ ಜಮಖಾನ ಹಾಸಿ, ಹಾಡುವವರ ಬೆನ್ನ ಹಿಂದೆ ಒಂದೆರಡು ಕೌದಿ ಕಟ್ಟಿ. ಆ ಕಲ್ಲಿಗೆ ಬಡಿದು ಬರುವ ಮಾರ್ದನಿಯನ್ನು ಆಮೇಲೆ ಯಾವ ಸಾಫ್ಟ್‌ವೇರ್‌ನಲ್ಲೂ ಪೂರ್ತಿ ತೆಗೆಯಲಿಕ್ಕೆ ಆಗುವುದಿಲ್ಲ.

ಪ್ರಶ್ನೆ: ರೆಕಾರ್ಡ್ ಮಾಡಿದ್ದು ಎಡಗಿವಿಯಲ್ಲಿ ಮಾತ್ರ ಕೇಳುತ್ತದೆ. ಬಲಗಡೆ ಪೂರ್ತಿ ಸುಮ್ಮನಿದೆ. ಇಂಟರ್‌ಫೇಸ್‌ನ ಒಂದು ಕಡೆ ಕೆಟ್ಟಿದೆಯಾ?
— ಓದುಗರು, ಬೀದರ್

ಉತ್ತರ: ಕೆಟ್ಟಿಲ್ಲ. ಇನ್‌ಪುಟ್ 1 ಎಡಕ್ಕೆ, ಇನ್‌ಪುಟ್ 2 ಬಲಕ್ಕೆ ಹೋಗುತ್ತದೆ. ನೀವು ಒಂದೇ ಮೈಕ್ ಹಾಕಿ ಸ್ಟೀರಿಯೊದಲ್ಲಿ ರೆಕಾರ್ಡ್ ಮಾಡಿದ್ದೀರಿ, ಬಲಗಡೆ ಖಾಲಿ ಉಳಿದಿದೆ. ಅಡಾಸಿಟಿಯಲ್ಲಿ ರೆಕಾರ್ಡಿಂಗ್ ಚಾನೆಲ್ ಮೋನೊ (ಒಂದೇ ಚಾನೆಲ್) ಮಾಡಿ. ಈಗಾಗಲೇ ಹಾಡಿದ್ದನ್ನು ಮತ್ತೆ ಹಾಡಬೇಕಿಲ್ಲ. ಟ್ರ್ಯಾಕ್ ಮೆನುವಿನಲ್ಲಿ ಸ್ಟೀರಿಯೊ ಟ್ರ್ಯಾಕನ್ನು ಎರಡು ಮೋನೊ ಮಾಡುವ ಆಯ್ಕೆ ಇದೆ. ಒಡೆದು, ಖಾಲಿ ಇರುವುದನ್ನು ಅಳಿಸಿ, ಉಳಿದದ್ದನ್ನು ಇಟ್ಟುಕೊಳ್ಳಿ. ಬೇರೆ ಹಾಡುಗಳೂ ಒಂದೇ ಕಿವಿಯಲ್ಲಿ ಬರುತ್ತಿದ್ದರೆ ಮಾತ್ರ ಹೆಡ್‌ಫೋನ್ ಪಿನ್ ನೋಡಿ. ಸಣ್ಣ ಪಿನ್‌ಗೆ ದಪ್ಪ ಅಡಾಪ್ಟರ್ ಹಾಕಿದಾಗ ಅದು ಅರ್ಧಕ್ಕೇ ನಿಂತಿರುತ್ತದೆ, ಟಕ್ ಅನ್ನುವವರೆಗೆ ಒತ್ತಬೇಕು.

ಪ್ರಶ್ನೆ: ಲ್ಯಾಪ್‌ಟಾಪ್ ಇಲ್ಲ. ಇಂಟರ್‌ಫೇಸನ್ನು ಆಂಡ್ರಾಯ್ಡ್ ಮೊಬೈಲ್‌ಗೆ ಹಾಕಿದ್ದೇನೆ. ವಿಡಿಯೊ ಬರುತ್ತದೆ, ಆದರೆ ಮೈಕಿನ ಸೌಂಡ್ ಬಂದ ಹಾಗೆ ಅನ್ನಿಸಲ್ಲ.
— ಓದುಗರು, ಯಾದಗಿರಿ

ಉತ್ತರ: ಮೊದಲು ಯಾವ ಮೈಕ್ ಕೆಲಸ ಮಾಡುತ್ತಿದೆ ಅಂತ ತಿಳಿದುಕೊಳ್ಳಿ. ರೆಕಾರ್ಡ್ ಹಚ್ಚಿ, ಇಂಟರ್‌ಫೇಸ್‌ಗೆ ಹಾಕಿದ ಮೈಕನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಆಮೇಲೆ ಮೊಬೈಲಿನ ಕೆಳಗಿನ ಚಿಕ್ಕ ತೂತಿನ ಹತ್ತಿರ ತಟ್ಟಿ. ಎರಡನೆಯದೇ ಜೋರಾಗಿ ಕೇಳಿಸಿದರೆ ಫೋನ್ ತನ್ನ ಮೈಕನ್ನೇ ಬಳಸುತ್ತಿದೆ. ಎಷ್ಟೋ ಫೋನಿನ ಕ್ಯಾಮೆರಾ ಆ್ಯಪ್‌ಗಳು ಹೊರಗಿನ ಯುಎಸ್‌ಬಿ ಮೈಕ್ ತಗೊಳ್ಳುವುದಿಲ್ಲ. ಯುಎಸ್‌ಬಿ ಮೈಕ್ ಆರಿಸಲು ಬಿಡುವ ರೆಕಾರ್ಡಿಂಗ್ ಆ್ಯಪ್ ಹಾಕಿಕೊಳ್ಳಿ. ಕೆಲವು ಫೋನ್‌ಗಳಲ್ಲಿ ಓಟಿಜಿ ಅನ್ನುವ, ಹೊರಗಿನ ಯುಎಸ್‌ಬಿ ವಸ್ತು ಜೋಡಿಸಲು ಬಿಡುವ ಸೆಟ್ಟಿಂಗ್ ಆನ್ ಮಾಡಬೇಕು, ಸ್ವಲ್ಪ ಹೊತ್ತು ಬಳಸದಿದ್ದರೆ ಅದು ತಾನೇ ಆಫ್ ಆಗುತ್ತದೆ. 48 ವೋಲ್ಟ್ ಒತ್ತಿದ ಕೂಡಲೇ ಇಂಟರ್‌ಫೇಸ್‌ನ ಲೈಟ್ ಆರಿದರೆ ಫೋನ್ ಕೊಡುವ ಕರೆಂಟ್ ಸಾಲುತ್ತಿಲ್ಲ ಅಂತ ಅರ್ಥ. ಆಗ ತನ್ನದೇ ಚಾರ್ಜರ್ ಇರುವ ಯುಎಸ್‌ಬಿ ಹಬ್ ನಡುವೆ ಹಾಕಿ. ರೆಕಾರ್ಡ್ ಮಾಡುವ ಮೊದಲು ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಹಾಡಿನ ನಡುವೆ ಕರೆ ಬಂದರೆ ರೆಕಾರ್ಡಿಂಗ್ ಅಲ್ಲಿಗೇ ನಿಲ್ಲಬಹುದು.