ಚಳಿ ಊರು ಬಿಟ್ಟು ಮುಂಬಯಿಗೆ ಬಂದರೆ ಏನು ಒಳ್ಳೆಯದಾಗುತ್ತೆ?

ನೀವು ಕೇಳಿರುವುದು ಇಷ್ಟು: ಒಂಬತ್ತು ವರ್ಷದಿಂದ ಕುಲ್ಲು ಕಡೆ ಇದ್ದೀರಿ, ಯಜಮಾನರಿಗೆ ಮುಂಬಯಿಗೆ ವರ್ಗ ಆಗಿದೆ, ಮನೆಯಲ್ಲಿ ಮಂಡಿನೋವಿನ ಅತ್ತೆ ಇದ್ದಾರೆ. ಎಲ್ಲರೂ "ಅಯ್ಯೋ, ಮುಂಬಯಿ ಸೆಕೆ!" ಅಂತ ಹೆದರಿಸುತ್ತಿದ್ದಾರೆ. ಚಳಿ ಊರಿನಿಂದ ಬಿಸಿ ಊರಿಗೆ ಹೋದರೆ ಒಳ್ಳೆಯದು ಅನ್ನುವಂಥದ್ದು ಏನಾದರೂ ಇದೆಯಾ?

ಇದೆ. ತುಂಬ ಇದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೆ. 2009ರಿಂದ 2015ರವರೆಗೆ ಶಿಮ್ಲಾದಲ್ಲಿದ್ದೆ, ಆರು ಚಳಿಗಾಲ. ಅಮ್ಮ ನನ್ನ ಜೊತೆಗೇ ಇದ್ದರು. ಅಲ್ಲಿಂದ ಮುಂಬಯಿಗೆ ವರ್ಗವಾಯಿತು. ನಿವೃತ್ತಿಯಾದ ಮೇಲೂ ಊರಿಗೆ ಹೋಗದೆ ವಡಾಲದಲ್ಲೇ ಉಳಿದುಬಿಟ್ಟಿದ್ದೇವೆ. ಹಾಗಾಗಿ ನಿಮ್ಮ ಪ್ರಶ್ನೆ ನೋಡಿದ ಮೇಲೆ ಸುಮ್ಮನಿರಲು ಆಗಲಿಲ್ಲ.

ಮೊದಲು ಅಮ್ಮನ ಕೈ ಬಗ್ಗೆ ಹೇಳುತ್ತೇನೆ. ನಮ್ಮದು ಕುಂದಾಪುರದ ಕಡೆ. ಅಮ್ಮನಿಗೆ ಹೂ ಕಟ್ಟುವುದೆಂದರೆ ಪ್ರಾಣ. ಮಾತಾಡುತ್ತಾ, ಕಣ್ಣು ಬೇರೆಲ್ಲೋ ಇದ್ದರೂ ಬೆರಳು ಅದರ ಪಾಡಿಗೆ ಕಟ್ಟುತ್ತಾ ಹೋಗುತ್ತಿತ್ತು. ಶಿಮ್ಲಾದ ಮೊದಲ ಡಿಸೆಂಬರ್ ಮುಗಿಯುವಷ್ಟರಲ್ಲಿ ಆ ಬೆರಳುಗಳು ಕೆಂಪಾಗಿ ಊದಿಕೊಂಡವು. ರಾತ್ರಿಯೆಲ್ಲ ತುರಿಕೆ, ಉರಿ. ಡಾಕ್ಟರ್ ನೋಡಿ ಚಿಲ್‌ಬ್ಲೇನ್ಸ್ ಅಂದರು. ಚಳಿಗೆ ಬೆರಳ ತುದಿಯ ಸಣ್ಣ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ಆಗ ಕೈಯನ್ನು ನೇರ ಹೀಟರ್ ಮುಂದೆ ಹಿಡಿದರೆ ಅವು ಒಮ್ಮೆಲೇ ತೆರೆದುಕೊಂಡು ಊತ ಬರುತ್ತದೆ ಅಂತ ವಿವರಿಸಿದರು. ಆದರೆ ಚಳಿಯಲ್ಲಿ ಮರಗಟ್ಟಿದ ಕೈಯನ್ನು ಹೀಟರ್ ಮುಂದೆ ಹಿಡಿಯಬೇಡಿ ಅಂದರೆ ಯಾರು ಕೇಳುತ್ತಾರೆ? ಪ್ರತಿ ಚಳಿಗಾಲವೂ ಇದೇ ಕತೆ. ರವಿಕೆಯ ಗುಂಡಿ ನಾನೇ ಹಾಕಬೇಕಿತ್ತು.

ಮುಂಬಯಿಗೆ ಬಂದ ವರ್ಷದ ಡಿಸೆಂಬರಿನಲ್ಲಿ ಒಂದು ಸಂಜೆ ಆಫೀಸಿನಿಂದ ಬರುತ್ತಾ ಮಾಟುಂಗಾ ಮಾರ್ಕೆಟ್ಟಿನಲ್ಲಿ ಬಿಡಿ ಅಬ್ಬಲಿಗೆ ಹೂ ಕಂಡಿತು. ಒಂದು ಪೊಟ್ಟಣ ತಂದೆ. ಬಾಳೆನಾರು ಸಿಕ್ಕಿರಲಿಲ್ಲ. ಅಮ್ಮ ಬಿಳಿ ನೂಲನ್ನೇ ನೀರಿನಲ್ಲಿ ಅದ್ದಿ, ಕಿಟಕಿ ಪಕ್ಕ ಕುರ್ಚಿ ಹಾಕಿಕೊಂಡು ಕೂತರು. ಮೊದಲ ನಾಲ್ಕು ಗಂಟು ನಿಧಾನ. ಆಮೇಲೆ ಕೈ ತನ್ನ ಹಳೇ ವೇಗ ಹಿಡಿಯಿತು. ಅರ್ಧ ಗಂಟೆಯಲ್ಲಿ ಒಂದು ಮೊಳ ಮುಗಿಸಿ, "ಕಾಣು ಮಗಾ, ಬೆರಳು ಈಗ ಹೇಳಿದ ಮಾತು ಕೇಳ್ತದೆ" ಅಂದರು. ನಾನು ಅಡುಗೆಮನೆಗೆ ಹೋಗಿ ಕಣ್ಣು ಒರೆಸಿಕೊಂಡೆ. ಆಮೇಲೆ ಆ ಕೈಗಳು ಮತ್ತೆ ಊದಲಿಲ್ಲ. ಅಮ್ಮನಿಗೆ ಈಗ 80 ದಾಟಿದೆ. ಗಣಪತಿ ಹಬ್ಬಕ್ಕೆ ಬಿಲ್ಡಿಂಗಿನ ಅರ್ಧ ಮನೆಗಳಿಗೆ ಅವರೇ ಹೂ ಕಟ್ಟಿಕೊಡುತ್ತಾರೆ.

ಎರಡು ಊರಿನ ಅಂತರ ಅಂಕಿಯಲ್ಲಿ ನೋಡಿ. ಜನವರಿಯಲ್ಲಿ ಶಿಮ್ಲಾದ ಹಗಲು ಸಾಮಾನ್ಯವಾಗಿ 9–10 ಡಿಗ್ರಿ, ರಾತ್ರಿ 1–2. ಕೆಲವು ರಾತ್ರಿ ಸೊನ್ನೆಗಿಂತಲೂ ಕೆಳಗೆ. ಅದೇ ಜನವರಿಯಲ್ಲಿ ಮುಂಬಯಿಯ ಹಗಲು 30ರ ಆಸುಪಾಸು, ರಾತ್ರಿ 16–17. ಮುಂಬಯಿಯ ದಾಖಲೆಯ ಚಳಿ ಅಂದರೆ 1962ರ ಜನವರಿಯ 7.4 ಡಿಗ್ರಿ. ನಿಮ್ಮಲ್ಲಿ ಜನವರಿಯ ಮಾಮೂಲಿ ರಾತ್ರಿಯೇ ಅದಕ್ಕಿಂತ ತಣ್ಣಗಿರುತ್ತೆ, ಅಲ್ವಾ?

ಚಳಿ ಊರಿನಲ್ಲಿ ಮನೆ ಚಿಕ್ಕದಾಗುತ್ತಾ ಹೋಗುತ್ತದೆ. ಇದು ನಿಮಗೆ ಗೊತ್ತೇ ಇರುತ್ತೆ. ನಮ್ಮದು ಮೂರು ಕೋಣೆಯ ಮನೆ, ಆದರೆ ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ನಾವು ಬದುಕಿದ್ದು ಹೀಟರ್ ಇದ್ದ ಒಂದೇ ಕೋಣೆಯಲ್ಲಿ. ಊಟ ಅಲ್ಲೇ, ಟಿವಿ ಅಲ್ಲೇ, ಅಮ್ಮನ ಜಪ ಅಲ್ಲೇ. ಬಚ್ಚಲಿಗೆ ಹೋಗಬೇಕೆಂದರೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಹಿಮ ಬಿದ್ದು ರಾತ್ರಿ ಗಟ್ಟಿಯಾದರೆ ಬೆಳಿಗ್ಗೆ ಮೆಟ್ಟಿಲು ಗಾಜಿನ ಹಾಗೆ ಜಾರುತ್ತಿತ್ತು. ಪಕ್ಕದ ಮನೆಯ ಅಜ್ಜಿ ಹಾಗೇ ಜಾರಿ ಸೊಂಟ ಮುರಿದುಕೊಂಡರು. ಅದಾದ ಮೇಲೆ ಅಮ್ಮ ಜನವರಿ, ಫೆಬ್ರವರಿ ಎರಡು ತಿಂಗಳು ಹೊಸ್ತಿಲು ದಾಟುತ್ತಿರಲಿಲ್ಲ. ಕೆಲವರು ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಅಂಗೀಠಿ ಇಟ್ಟುಕೊಂಡು ಮಲಗುತ್ತಾರೆ, ಹೊಗೆಯಲ್ಲಿನ ವಿಷಗಾಳಿಗೆ ಜೀವ ಕಳೆದುಕೊಳ್ಳುವ ಸುದ್ದಿ ಪ್ರತಿ ಚಳಿಗಾಲವೂ ಬರುತ್ತೆ. ಹೊರಡುವ ತನಕ ದಯವಿಟ್ಟು ಅದೊಂದು ಮಾಡಬೇಡಿ.

ಇಲ್ಲಿ ಬಾಗಿಲು ವರ್ಷವಿಡೀ ತೆರೆದಿರುತ್ತೆ. ಡಿಸೆಂಬರಿನಲ್ಲೂ ಸೂರ್ಯ ಮುಳುಗುವುದು ಸಂಜೆ ಆರರ ನಂತರ. ಬೆಳಿಗ್ಗೆ ಅಮ್ಮ ಒಂದು ಹತ್ತಿ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಹತ್ತಿರದ ಫೈವ್ ಗಾರ್ಡನ್ಸ್ ಪಾರ್ಕಿಗೆ ಹೊರಟೇ ಬಿಡುತ್ತಾರೆ. ಹೊರಗೆ ಹೋಗಲು ಎರಡು ನಿಮಿಷ ಸಾಕು. ಶಿಮ್ಲಾದಲ್ಲಿ ಥರ್ಮಲ್, ಸ್ವೆಟರ್, ಕೋಟು, ಮಫ್ಲರ್, ಸಾಕ್ಸ್ ಹಾಕುವಷ್ಟರಲ್ಲೇ ಅವರಿಗೆ ಸಾಕಾಗಿ ಹೋಗುತ್ತಿತ್ತು. ನಡೆಯಲು ಶುರು ಮಾಡಿದ ಮೇಲೆ ಮಂಡಿಯೂ ಹಗುರಾಯಿತು. ಇಲ್ಲೊಂದು ಮಾತು ಸರಿಯಾಗಿ ಹೇಳಬೇಕು. ಸವೆದ ಮಂಡಿ ಬಿಸಿಲಿಗೆ ಮತ್ತೆ ಬೆಳೆಯುವುದಿಲ್ಲ. ಕಡಿಮೆಯಾಗಿದ್ದು ಬೆಳಗಿನ ಬಿಗಿತ. ಮೊದಲು ಹಾಸಿಗೆಯಿಂದ ಎದ್ದು ನೆಟ್ಟಗೆ ನಿಲ್ಲಲು ಅರ್ಧ ಗಂಟೆ ಬೇಕಿತ್ತು, ಈಗ ಐದು ನಿಮಿಷ. ಮಳೆಗಾಲದಲ್ಲಿ ಮಾತ್ರ ನೋವು ಸ್ವಲ್ಪ ತಲೆ ಎತ್ತುತ್ತೆ. ನಿಮ್ಮ ಅತ್ತೆಯವರಿಗೆ ಮುಂಬಯಿಯ ದೊಡ್ಡ ಲಾಭ ಇದೇ ಅಂತ ನನ್ನ ನಂಬಿಕೆ: ನಡೆಯಲು ಹೊರಗೆ ಹೋಗಬಹುದು.

ಬಿಪಿ ಇದ್ದರೆ ಇದನ್ನು ಗಮನಿಸಿ. ಚಳಿಯಲ್ಲಿ ರಕ್ತನಾಳಗಳು ಬಿಗಿಯುವುದರಿಂದ ಬಿಪಿ ಏರುತ್ತೆ, ಹೃದಯಕ್ಕೂ ಕೆಲಸ ಜಾಸ್ತಿ. ಸೆಕೆ ಊರಿಗೆ ಬಂದಾಗ ಅದೇ ಬಿಪಿ ಇಳಿಯಬಹುದು. ಅಮ್ಮನಿಗೆ ಬಂದ ಮೂರನೇ ವಾರ, ಕುರ್ಚಿಯಿಂದ ಎದ್ದಾಗಲೆಲ್ಲ ತಲೆ ಸುತ್ತು ಬರುತ್ತಿತ್ತು. ಡಾಕ್ಟರ್ ನೋಡಿ ಮಾತ್ರೆಯ ಪ್ರಮಾಣ ಇಳಿಸಿದರು. ನೀವಾಗಿ ಕಡಿಮೆ ಮಾಡಬೇಡಿ. ಬಂದ ವಾರವೇ ಒಮ್ಮೆ ತೋರಿಸಿ, ಅಷ್ಟೇ.

ಅಡುಗೆಮನೆ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲುವುದಿಲ್ಲ. ಶಿಮ್ಲಾದಲ್ಲಿ ದೋಸೆ ಹಿಟ್ಟು ಹುಳಿ ಬರಿಸುವುದು ಒಂದು ತಪಸ್ಸು. ರುಬ್ಬಿ, ಪಾತ್ರೆಗೆ ಉಣ್ಣೆ ಶಾಲು ಸುತ್ತಿ, ಓವನ್ ಒಳಗೆ ಇಟ್ಟು, ಅದರ ದೀಪ ಹಚ್ಚಿಟ್ಟು ಒಂದೂವರೆ ದಿನ ಕಾಯಬೇಕು. ಆದರೂ ಇಡ್ಲಿ ಕಲ್ಲು. ಮುಂಬಯಿಯ ಮೊದಲ ವಾರ ಅದೇ ಅಭ್ಯಾಸದಲ್ಲಿ ರಾತ್ರಿ ಹಿಟ್ಟಿಗೆ ಟವೆಲ್ ಸುತ್ತಿಟ್ಟು ಮಲಗಿದೆ. ಬೆಳಿಗ್ಗೆ ನೋಡಿದರೆ ಹಿಟ್ಟು ಪಾತ್ರೆ ಮೀರಿ ಉಕ್ಕಿ ಕಟ್ಟೆಯ ಮೇಲೆಲ್ಲ ಹರಿದಿತ್ತು. ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಇಲ್ಲಿ ಆರೇಳು ಗಂಟೆ ಸಾಕು, ಮೇ ತಿಂಗಳಲ್ಲಿ ಇನ್ನೂ ಕಡಿಮೆ. ಸಂಜೆ ರುಬ್ಬಿದರೆ ಮಲಗುವ ಮೊದಲು ಒಮ್ಮೆ ನೋಡಿ ಫ್ರಿಜ್ಜಿಗೆ ಇಡಬೇಕು. ಮೊಸರೂ ಹಾಗೆ, ಹೆಪ್ಪು ಹಾಕಿ ಐದು ಗಂಟೆಯಲ್ಲಿ ಗಟ್ಟಿ.

ಕೊಬ್ಬರಿ ಎಣ್ಣೆ ಕೂಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ. ಶಿಮ್ಲಾದಲ್ಲಿ ಬಾಟಲಿಗೆ ಚಮಚದ ಹಿಡಿ ಹಾಕಿ ಕೆರೆದು ತೆಗೆಯುತ್ತಿದ್ದೆವು. ಇಲ್ಲಿ ಚಳಿಗಾಲದ ಕೆಲವು ಬೆಳಿಗ್ಗೆ ಬಿಟ್ಟರೆ ಬಾಟಲಿ ಬಗ್ಗಿಸಿದರೆ ಸಾಕು. ಇಂಥ ಸಣ್ಣ ಸಣ್ಣ ಸುಲಭಗಳೇ ದಿನವನ್ನು ಹಗುರ ಮಾಡುವುದು. ನಲ್ಲಿಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಪಾತ್ರೆ ತೊಳೆಯುವಾಗ ಕೈ ಕೊರೆಯುವುದಿಲ್ಲ. ಹಾಸಿಗೆ ಮೇಲೆ ಮೂರು ರಜಾಯಿಯ ಭಾರ ಇಲ್ಲ.

ಇನ್ನು ಜನ. ಮಾಟುಂಗಾ, ವಡಾಲ ಕಡೆ ಇದ್ದರೆ ಕನ್ನಡಕ್ಕೆ ಬರ ಇಲ್ಲ. ಮಾರ್ಕೆಟ್ಟಿನಲ್ಲಿ ಕೆಸುವಿನ ಎಲೆ, ಬಾಳೆಎಲೆ, ತೊಂಡೆಕಾಯಿ, ನುಗ್ಗೆ ಎಲ್ಲ ಸಿಗುತ್ತೆ. ಉಡುಪಿ ಹೋಟೆಲಿನ ಕಾಫಿ ಹತ್ತು ಹೆಜ್ಜೆಯಲ್ಲಿ. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘದಲ್ಲಿ ನಾಟಕ, ಸಂಗೀತ, ಯಕ್ಷಗಾನ ಆಗುತ್ತಲೇ ಇರುತ್ತವೆ. ಅದರಲ್ಲೂ ನವೆಂಬರಿನಿಂದ ಫೆಬ್ರವರಿವರೆಗಿನ ಸಂಜೆಗಳು ಇಲ್ಲಿ ಅತ್ಯಂತ ಹಿತ. ನಿಮ್ಮಲ್ಲಿ ಎಲ್ಲರೂ ಮನೆ ಸೇರಿ ಬಾಗಿಲು ಹಾಕಿಕೊಳ್ಳುವ ಕಾಲ ಅದು. ಇಲ್ಲಿ ಅದೇ ಕಾಲದಲ್ಲಿ ಜನ ಹೊರಗೆ ಬರುತ್ತಾರೆ. ಶಿಮ್ಲಾದವರೂ ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆರು ವರ್ಷದಲ್ಲಿ ಅಮ್ಮನಿಗೆ ಅಲ್ಲಿ ಇಬ್ಬರು ಗೆಳತಿಯರು. ಇಲ್ಲಿ ಆರು ತಿಂಗಳಿಗೇ ಪಾರ್ಕಿನ ಬೆಂಚು ತುಂಬುವಷ್ಟು.

ಈಗ ಸೆಕೆಯ ಮಾತು. ಹೆದರಿಸಿದವರು ಸುಳ್ಳು ಹೇಳಿಲ್ಲ. ನಾವು ಬಂದಿದ್ದು 2015ರ ಮೇ ತಿಂಗಳಲ್ಲಿ, ಮತ್ತು ಆ ತಿಂಗಳು ನಮಗೆ ನಿಜಕ್ಕೂ ಕಷ್ಟವಾಯಿತು. ಹಗಲು 33–34 ಡಿಗ್ರಿ ಕೇಳಲು ದೊಡ್ಡದಲ್ಲ, ದಿಲ್ಲಿಯ 43–44ರ ಮುಂದೆ ಏನೂ ಅಲ್ಲ. ಆದರೆ ಗಾಳಿಯಲ್ಲಿ ತೇವ ಜಾಸ್ತಿ, ಬೆವರು ಆರುವುದಿಲ್ಲ. ಅಮ್ಮನ ಕತ್ತಿನ ಸುತ್ತ ಬೆವರುಸಾಲೆ ಎದ್ದಿತು. "ವಾಪಸ್ ಹೋಗುವ" ಅಂತ ಎರಡು ಸಲ ಅಂದರು. ಮೈ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ಆಮೇಲೆ ಬೆವರು ಬೇಗ ಶುರುವಾಗುತ್ತೆ, ಬೆವರಿನಲ್ಲಿ ಹೋಗುವ ಉಪ್ಪೂ ಕಡಿಮೆಯಾಗುತ್ತೆ. ಆ ಎರಡು ವಾರ ಮಧ್ಯಾಹ್ನ ಹೊರಗೆ ಹೋಗದೆ, ತೆಳು ಹತ್ತಿ ಬಟ್ಟೆ ಹಾಕಿ, ಮಜ್ಜಿಗೆ, ಎಳನೀರು, ಪುನರ್ಪುಳಿ (ಕೋಕಮ್) ಶರಬತ್ತು ಕುಡಿದುಕೊಂಡು ಇದ್ದರೆ ದಾಟುತ್ತೆ. ವರ್ಗಾವಣೆಯ ದಿನ ನಿಮ್ಮ ಕೈಯಲ್ಲಿ ಇಲ್ಲದಿದ್ದರೂ ಅತ್ತೆಯವರನ್ನು ನವೆಂಬರ್ ಕೊನೆಗೆ ಕರೆತನ್ನಿ. ಮೇ ಮತ್ತು ಅಕ್ಟೋಬರ್ ಬೇಡವೇ ಬೇಡ.

ಸಮುದ್ರ ಇಲ್ಲಿ ದೊಡ್ಡ ಉಪಕಾರ ಮಾಡುತ್ತೆ. ಬಿಸಿಲಿಗೆ ನೆಲ ಬೇಗ ಕಾಯುತ್ತೆ, ಸಮುದ್ರ ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಪಶ್ಚಿಮದಿಂದ ತಂಪುಗಾಳಿ ನುಗ್ಗುತ್ತೆ. ಅದು ಮಧ್ಯಾಹ್ನದ ಒಳಗೆ ಬಂದರೆ ದಿನ ಸಹನೀಯ. ಮಾರ್ಚ್ ತಿಂಗಳಲ್ಲಿ ಕೆಲವು ದಿನ ಪೂರ್ವದ ಒಣಗಾಳಿ ಅದನ್ನು ತಡೆದು ನಿಲ್ಲಿಸುತ್ತೆ, ಆಗ 40ರ ಹತ್ತಿರ ಹೋಗುವುದೂ ಉಂಟು. ಅಂಥ ದಿನ ವಯಸ್ಸಾದವರು ಮನೆಯಲ್ಲೇ ಇರಲಿ.

ಮಳೆಗಾಲದ ಬಗ್ಗೆ ಜಾಸ್ತಿ ಹೇಳಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2,000 ಮಿಲಿಮೀಟರಿಗೂ ಹೆಚ್ಚು ಸುರಿಯುತ್ತೆ. ಬಟ್ಟೆ ಒಣಗುವುದಿಲ್ಲ, ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತೆ. ರಸ್ತೆಯಲ್ಲಿ ನಿಂತ ನೀರಿನಲ್ಲಿ ಕಾಲಿಗೆ ಗಾಯ ಇದ್ದಾಗ ಖಂಡಿತ ನಡೆಯಬೇಡಿ, ಇಲಿಜ್ವರ ಬರಬಹುದು. ಸೊಳ್ಳೆ ಪರದೆ ಇರಲಿ. ಉಬ್ಬಸ ಇರುವವರಿಗೆ ಇನ್ನೊಂದು ಮಾತು: ಈಚೆಗೆ ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಗಾಳಿಯಲ್ಲಿ ಧೂಳು ಜಾಸ್ತಿಯಾಗಿದೆ. ಬೆಟ್ಟದ ಗಾಳಿ ಇಲ್ಲಿ ಸಿಗುವುದಿಲ್ಲ, ಅದು ನಿಜವಾದ ನಷ್ಟ. ಹಣ ಉಳಿಯುತ್ತೆ ಅಂತಲೂ ಹೇಳಲಾರೆ. ಉಣ್ಣೆ ಬಟ್ಟೆ, ಹೀಟರ್ ಖರ್ಚು ಹೋಗುತ್ತೆ, ಆದರೆ ಬಾಡಿಗೆ ಅದನ್ನೆಲ್ಲ ನುಂಗುತ್ತೆ.

ರಜಾಯಿ, ಹೀಟರ್ ಎಲ್ಲ ಅಲ್ಲೇ ಬೇಕಾದವರಿಗೆ ಕೊಟ್ಟು ಬನ್ನಿ. ಇಲ್ಲಿ ಪೆಟ್ಟಿಗೆಯಲ್ಲಿಟ್ಟರೆ ಮಳೆಗಾಲದಲ್ಲಿ ಹಾಳಾಗುತ್ತವೆ. ಅತ್ತೆಯವರಿಗೆ ಒಂದು ತೆಳು ಶಾಲು ಸಾಕು. ಮನೆ ಹುಡುಕುವಾಗ ಕೊನೆಯ ಮಹಡಿ ಬೇಡ, ತಾರಸಿಯ ಕಾವು ರಾತ್ರಿಯಿಡೀ ಇಳಿಯುತ್ತಲೇ ಇರುತ್ತೆ. ಪಶ್ಚಿಮಕ್ಕೊಂದು ಕಿಟಕಿ, ಅದರ ಎದುರು ಇನ್ನೊಂದು ಕಿಟಕಿ ಇರುವ ಮನೆ ನೋಡಿ. ಏಜೆಂಟರು ಬೆಳಿಗ್ಗೆ ಹತ್ತಕ್ಕೆ ಕರೆಯುತ್ತಾರೆ. ನೀವು ಮಧ್ಯಾಹ್ನ ಮೂರಕ್ಕೆ ಬರುತ್ತೇನೆ ಅನ್ನಿ. ಹೋಗಿ ಎರಡೂ ಕಿಟಕಿ ತೆಗೆದು, ಫ್ಯಾನ್ ಹಾಕದೆ ಹತ್ತು ನಿಮಿಷ ನಿಂತುಕೊಳ್ಳಿ. ಪರದೆ ಅಲ್ಲಾಡಿದರೆ ಆ ಮನೆ ಹಿಡಿಯಿರಿ.