ಮೂಡಿಗೆರೆಯಿಂದ ಲೆಸ್ಟರಿಗೆ ಹೊರಟ ತಂಗಿಗೆ

ನಿನ್ನ ಪ್ರಶ್ನೆ ಓದಿದ ಮೇಲೆ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ ಕಣಮ್ಮ. ಬೇರೆಯವರಿಗೂ ಉಪಯೋಗ ಆಗಲಿ ಅಂತ ನೀನು ಕೇಳಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನಿನ್ನದು ಮೂಡಿಗೆರೆ ಹತ್ತಿರದ ಊರು. ಗಂಡನಿಗೆ ಇಂಗ್ಲೆಂಡಿನ ಲೆಸ್ಟರಿನಲ್ಲಿ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಹೊರಡುತ್ತೀರಿ. ಇಪ್ಪತ್ತು ತಿಂಗಳ ಮಗಳಿದ್ದಾಳೆ. ನೀನು ಬಸುರಿ ಇದ್ದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಸಿ, ಅಂದರೆ ಲಿವರಿಗೆ ತಗಲುವ ವೈರಸ್ಸಿನ, ಆಂಟಿಬಾಡಿ ಪಾಸಿಟಿವ್ ಬಂದಿತ್ತು. ಆಮೇಲೆ ಹೆರಿಗೆ, ಬಾಣಂತನ, ಪಾಸ್‌ಪೋರ್ಟ್ ಓಡಾಟ. ಮುಂದಿನ ಟೆಸ್ಟ್ ಆಗಲೇ ಇಲ್ಲ. 'ಅಕ್ಕ, ಇದರಿಂದ ವೀಸಾ ನಿಲ್ಲುತ್ತಾ? ಅಲ್ಲಿ ಡಾಕ್ಟರಿಗೆ ಹೇಳಬೇಕಾ, ಇಲ್ಲಾ ಸುಮ್ನೆ ಇದ್ದುಬಿಡಲಾ? ಚಳಿ, ಊಟ ಎಲ್ಲ ಹೇಗೆ?' ಇಷ್ಟು ತಾನೇ?

ಚಳಿ, ಊಟದ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡ. ಬೆಲ್‌ಗ್ರೇವ್ ರೋಡಿನ ಗುಜರಾತಿಗಳ ಅಂಗಡಿಯಲ್ಲಿ ಬೇಳೆ, ಅಕ್ಕಿ ಹಿಟ್ಟು, ಕರಿಬೇವು ಎಲ್ಲ ಸಿಗುತ್ತದೆ. ಚಳಿಗಿಂತ ಕತ್ತಲೆಯೇ ಕಷ್ಟ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ನಮ್ಮ ಮಲೆನಾಡಿನ ಆಷಾಢದ ಮಳೆ ನೋಡಿದವಳಿಗೆ ಅದೂ ರೂಢಿ ಆಗುತ್ತದೆ. ಕಾಫಿ ಪುಡಿ ಮಾತ್ರ ಎರಡು ಕೆಜಿ ತಗೊಂಡು ಬಾ.

ವೀಸಾಕ್ಕೆ ಭಾರತದಿಂದ ಬರುವವರಿಗೆ ಕ್ಷಯದ ಟೆಸ್ಟ್ ಕೇಳುತ್ತಾರೆ, ಹೆಪಟೈಟಿಸ್ ಸಿ ಕೇಳುವುದಿಲ್ಲ. ಡಾಕ್ಟರಿಗೆ ಹೇಳಿದ್ದು ಗಂಡನ ಕಂಪನಿಗೆ ಹೋಗುವುದಿಲ್ಲ.

ಇನ್ನು 'ಸುಮ್ನೆ ಇದ್ದುಬಿಡಲಾ' ಎಂಬ ಮಾತು. ನಾನು ಸುಮ್ಮನೆ ಇದ್ದವಳು. ಹನ್ನೆರಡು ವರ್ಷ.

ನನ್ನದು ಸಕಲೇಶಪುರದ ಕಡೆ. 1996ರಲ್ಲಿ ಮಗಳು ಹುಟ್ಟಿದಾಗ ರಕ್ತ ಜಾಸ್ತಿ ಹೋಯಿತು. ಎರಡು ಬಾಟಲಿ ರಕ್ತ ಹಾಕಿದರು, ಜೀವ ಉಳಿಯಿತು. ದಾನಿಗಳ ರಕ್ತಕ್ಕೆ ಹೆಪಟೈಟಿಸ್ ಸಿ ಪರೀಕ್ಷೆ ನಮ್ಮ ದೇಶದಲ್ಲಿ ಕಡ್ಡಾಯ ಆಗಿದ್ದು 2001ರಲ್ಲಿ. ಹಾಗಾಗಿ ನನಗೆ ಆಗಲೇ ಬಂದಿರಬೇಕು ಅಂತ ಇಲ್ಲಿ ಇಂಗ್ಲೆಂಡಿನ ಡಾಕ್ಟರ್ ಹೇಳಿದರು. 1999ರಲ್ಲಿ ಮಗ ಹುಟ್ಟಿದ. 2003ರಲ್ಲಿ ಹಾಸನದಲ್ಲಿ ಒಂದು ಆಪರೇಷನ್ನಿಗೆ ಮುಂಚೆ ರಕ್ತ ನೋಡಿದಾಗ ಪಾಸಿಟಿವ್ ಬಂತು. ಬೆಂಗಳೂರಿಗೆ ಹೋಗಿ ಇನ್ನೊಂದು ಟೆಸ್ಟ್ ಮಾಡಿಸಿ, ವೈರಸ್ ಇದ್ದರೆ ವರ್ಷದವರೆಗೂ ವಾರ ವಾರ ಇಂಜೆಕ್ಷನ್ ಬೇಕಾಗಬಹುದು ಎಂದರು. ಖರ್ಚು ಕೇಳಿ ನಮ್ಮವರ ಮುಖ ಸಣ್ಣಗಾಯಿತು. ಮನೆಯಲ್ಲಿ ನಾದಿನಿ ಮದುವೆ ಗೊತ್ತಾಗಿತ್ತು. 'ಕಾಮಾಲೆ ತಾನೆ, ಔಷಧಿ ಕುಡಿದರೆ ಹೋಗುತ್ತೆ, ಯಾರ ಹತ್ತಿರವೂ ಆಡಬೇಡ' ಎಂದರು ಅತ್ತೆ. ಅವರ ಮೇಲೆ ಸಿಟ್ಟಿಲ್ಲ ನನಗೆ. ಮನೆ ಮಾತು ಹೊರಗೆ ಹೋದರೆ ಏನಾಗುತ್ತದೆ ಅಂತ ನಿನಗೂ ಗೊತ್ತಲ್ಲ. ಉಪ್ಪು, ಹುಳಿ, ಖಾರ ಬಿಟ್ಟು ನೆಲನೆಲ್ಲಿ ರಸ ಕುಡಿದೆ. ಕಣ್ಣು ಹಳದಿ ಆಗಿರಲೇ ಇಲ್ಲ, ಆದ್ದರಿಂದ ವಾಸಿ ಆಯಿತು ಅಂದುಕೊಂಡೆವು. ಹೆಚ್ಚಿನವರಿಗೆ ಈ ಕಾಯಿಲೆಯಲ್ಲಿ ಕಣ್ಣು ಹಳದಿ ಆಗುವುದೇ ಇಲ್ಲ ಅಂತ ಆಗ ಯಾರಿಗೆ ಗೊತ್ತಿತ್ತು.

2004ರಲ್ಲಿ ಇಲ್ಲಿಗೆ ಬಂದಾಗ ಆ ರಿಪೋರ್ಟು ಪೆಟ್ಟಿಗೆಯ ತಳದಲ್ಲಿತ್ತು. ಮೇಲೆ ಸೀರೆ, ಅದರ ಮೇಲೆ ಸಾರಿನ ಪುಡಿ. ಜಿಪಿ ಅಂತ, ನಮ್ಮ ಬಡಾವಣೆಯ ಡಾಕ್ಟರ್, ಅಲ್ಲಿ ಹೆಸರು ಬರೆಸುವಾಗ ಫಾರಂನಲ್ಲಿ ಹಿಂದಿನ ಕಾಯಿಲೆ ಏನಿದೆ ಅಂತ ಕೇಳಿದ್ದರು. ಏನೂ ಇಲ್ಲ ಅಂತ ಬರೆದೆ. ವಾಪಸ್ ಕಳಿಸಿಬಿಡುತ್ತಾರೆ ಅನ್ನುವ ಭಯ.

ಆದರೆ ಮನಸ್ಸಿನಲ್ಲಿ ಅದು ಕೂತಿತ್ತು. ಮಕ್ಕಳಿಗೆ ಅಂಟಬಾರದು ಅಂತ ನನ್ನ ತಟ್ಟೆ, ಲೋಟ ಬೇರೆ ಮಾಡಿಕೊಂಡೆ. ಮಗನಿಗೆ ಆಗ ನಾಲ್ಕು ವರ್ಷ ತುಂಬಿತ್ತಷ್ಟೆ. ದಿನಾ ರಾತ್ರಿ ಕೈತುತ್ತು ಕೇಳುತ್ತಿದ್ದ. 'ದೊಡ್ಡವನಾದೆ, ನೀನೇ ತಿನ್ನು' ಅಂತ ನಿಲ್ಲಿಸಿಬಿಟ್ಟೆ. ಬಟ್ಟಲು ಹಿಡಿದು ನನ್ನ ಮುಂದೆ ನಿಂತಿರುತ್ತಿದ್ದ. ಕೊಡಲಿಲ್ಲ.

ಒಟ್ಟಿಗೆ ಉಂಡರೆ, ಮುತ್ತು ಕೊಟ್ಟರೆ, ಕೈತುತ್ತು ಹಾಕಿದರೆ ಹೆಪಟೈಟಿಸ್ ಸಿ ಬರುವುದಿಲ್ಲ ಕಣಮ್ಮ. ಅದು ರಕ್ತದಿಂದ ರಕ್ತಕ್ಕೆ ಹೋಗುವ ವೈರಸ್. ಬ್ಲೇಡು, ರೇಜರ್, ಹಲ್ಲುಜ್ಜುವ ಬ್ರಶ್ ಬೇರೆ ಇಟ್ಟುಕೊಂಡರೆ ಸಾಕು. ಹಾಲೂಡಿಸಬಹುದು, ಮೊಲೆತೊಟ್ಟು ಒಡೆದು ರಕ್ತ ಬರುತ್ತಿದ್ದಾಗ ಮಾತ್ರ ನಿಲ್ಲಿಸಬೇಕು. ತಾಯಿಯಿಂದ ಮಗುವಿಗೆ ದಾಟುವುದು ಬಸುರಿನಲ್ಲಿ ಅಥವಾ ಹೆರಿಗೆಯಲ್ಲಿ. ತಾಯಿಯ ರಕ್ತದಲ್ಲಿ ವೈರಸ್ ಇದ್ದಾಗ ನೂರರಲ್ಲಿ ಐದಾರು ಮಕ್ಕಳಿಗೆ ಬರುತ್ತದೆ. ಅಂದರೆ ನಾನು ಮಗನಿಗೆ ಮಾಡಿಸಬೇಕಾಗಿದ್ದು ಒಂದು ರಕ್ತದ ಟೆಸ್ಟ್. ಅದನ್ನು ಮಾಡಿಸಲಿಲ್ಲ, ಕೈತುತ್ತು ಕಿತ್ತುಕೊಂಡೆ.

2015ರಲ್ಲಿ ಸುಸ್ತು ಅಂತ ಹೋದಾಗ ರಕ್ತದಲ್ಲಿ ಪ್ಲೇಟ್‌ಲೆಟ್ ಕಮ್ಮಿ ಬಂತು. ಸ್ಕ್ಯಾನ್ ಮಾಡಿದರು. ಲಿವರ್ ಕಲೆಗಟ್ಟಿ ಸಿರೋಸಿಸ್ ಆಗಿತ್ತು. 'ಹಿಂದೆ ಯಾವತ್ತಾದರೂ ಟೆಸ್ಟ್ ಆಗಿತ್ತಾ?' ಅಂತ ಡಾಕ್ಟರಮ್ಮ ಕೇಳಿದಾಗ ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಕಾಗದ ಹಾಗೇ ಇತ್ತು. ಮನೆಯವರಿಗೆಲ್ಲ ಟೆಸ್ಟ್ ಮಾಡಿದರು. ಮಗನಿಗೆ ಆಗ ಹದಿನಾರು. ಅವನ ರಿಪೋರ್ಟಿಗೆ ಕಾದ ಆ ಒಂದು ವಾರವನ್ನು ನಾನು ಬರೆಯಲಾರೆ. ಯಾರಿಗೂ ಇರಲಿಲ್ಲ. ದೇವರು ದೊಡ್ಡವನು.

2016ರಲ್ಲಿ ದಿನಕ್ಕೊಂದು ಮಾತ್ರೆ, 12 ವಾರ. ಇಂಜೆಕ್ಷನ್ ಇಲ್ಲ, ಏನಿಲ್ಲ. ಮುಗಿದು 12 ವಾರಕ್ಕೆ ನೋಡಿದಾಗ ವೈರಸ್ ಇರಲಿಲ್ಲ. ನೂರಕ್ಕೆ 95ಕ್ಕಿಂತ ಜಾಸ್ತಿ ಜನಕ್ಕೆ ಹೀಗೆ ಪೂರ್ತಿ ಹೋಗುತ್ತದೆ. ಆದರೆ ನನ್ನ ಲಿವರಿನ ಕಲೆ ಹೋಗಲಿಲ್ಲ. ಕ್ಯಾನ್ಸರ್ ಶುರುವಾಗಿದೆಯಾ ಅಂತ ಈಗಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನ್. ಮುಂಚೆಯೇ ಬಾಯಿ ಬಿಟ್ಟಿದ್ದರೆ ಇದು ಇರುತ್ತಿರಲಿಲ್ಲವೇನೋ.

ನಿನ್ನ ಕೈಯಲ್ಲಿರುವ ರಿಪೋರ್ಟಿಗೆ ಏನರ್ಥ ಅಂತ ಹೇಳುತ್ತೇನೆ. ಬೆಳಿಗ್ಗೆ ತೋಟಕ್ಕೆ ಹೋದಾಗ ಆನೆ ಹೆಜ್ಜೆ ಕಾಣುತ್ತದಲ್ಲ, ಆಂಟಿಬಾಡಿ ಅಂದರೆ ಅದು. ಆನೆ ಬಂದಿತ್ತು ಅಂತ ಗೊತ್ತಾಯಿತು. ಇನ್ನೂ ತೋಟದೊಳಗೇ ಇದೆಯಾ, ದಾಟಿ ಹೋಯಿತಾ ಗೊತ್ತಿಲ್ಲ. ವೈರಸ್ ಹೊಕ್ಕವರಲ್ಲಿ ನೂರಕ್ಕೆ ಸುಮಾರು ಮೂವತ್ತು ಜನಕ್ಕೆ ಆರು ತಿಂಗಳೊಳಗೆ ತಾನಾಗಿ ಹೋಗುತ್ತದೆ. ಉಳಿದವರಲ್ಲಿ ಒಳಗೇ ಕೂತು ಸದ್ದಿಲ್ಲದೆ ಮೇಯುತ್ತದೆ. ಯಾವುದು ಅಂತ ಹೇಳುವುದು ಆರ್‌ಎನ್‌ಎ ಟೆಸ್ಟ್, ವೈರಲ್ ಲೋಡ್ ಅಂತಲೂ ಕರೆಯುತ್ತಾರೆ. ನಾನು ವಾಸಿಯಾದ ಮೇಲೂ ನನ್ನ ಆಂಟಿಬಾಡಿ ಪಾಸಿಟಿವ್ವೇ ಬರುತ್ತದೆ, ಹೆಜ್ಜೆ ಅಳಿಸುವುದಿಲ್ಲ.

ಹಾಗಾಗಿ ಸೂಟ್‌ಕೇಸ್ ಕೊಳ್ಳುವುದಕ್ಕೆ ಮುಂಚೆ ಜಿಲ್ಲಾ ಆಸ್ಪತ್ರೆಗೆ ಹೋಗಿ ಆರ್‌ಎನ್‌ಎ ಟೆಸ್ಟ್ ಎಲ್ಲಿ ಮಾಡುತ್ತಾರೆ ಕೇಳು. 2018ರ ಜುಲೈ 28ರಿಂದ ನಮ್ಮಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಇದೆ, ಅದರಲ್ಲಿ ಟೆಸ್ಟೂ ಮಾತ್ರೆಯೂ ಉಚಿತ. ನಮ್ಮ ಕಾಲದ ಹಾಗೆ ಹೊಲ ಅಡ ಇಡಬೇಕಾಗಿಲ್ಲ. ಮಗಳಿಗೂ ಆಂಟಿಬಾಡಿ ಟೆಸ್ಟ್ ಮಾಡಿಸು. ತಾಯಿಯ ಆಂಟಿಬಾಡಿ ಮಗುವಿನ ರಕ್ತದಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ 18 ತಿಂಗಳು ಕಾಯುತ್ತಾರೆ. ಅವಳಿಗೆ ಈಗ ಇಪ್ಪತ್ತು, ಸರಿಯಾದ ಸಮಯ. ಇನ್ನೊಂದು ಮಗು ಬೇಕು ಅಂತಿದ್ದರೆ ಚಿಕಿತ್ಸೆ ಮುಗಿಸಿಕೊಂಡು ಆಮೇಲೆ ಯೋಚನೆ ಮಾಡು, ಬಸುರಿಯರಿಗೆ ಸಾಮಾನ್ಯವಾಗಿ ಈ ಮಾತ್ರೆ ಕೊಡುವುದಿಲ್ಲ.

ವೈರಸ್ ಇದೆ ಅಂತ ಬಂದರೂ ಹೆದರಬೇಡ. ಮಾತ್ರೆ ಅಲ್ಲೇ ಶುರು ಮಾಡುವುದಾ, ಇಲ್ಲಿಗೆ ಬಂದ ಮೇಲಾ ಅಂತ ಡಾಕ್ಟರನ್ನೇ ಕೇಳು, ನಡುವೆ ಬಿಟ್ಟುಹೋಗಬಾರದು. ಇಂಗ್ಲೆಂಡಿನಲ್ಲಿ ವೈರಲ್ ಹೆಪಟೈಟಿಸ್ ಚಿಕಿತ್ಸೆಗೆ ಹೊರದೇಶದವರಿಂದಲೂ ದುಡ್ಡು ತಗೊಳ್ಳುವುದಿಲ್ಲ. ಬಂದ ವಾರವೇ ಜಿಪಿ ಹತ್ತಿರ ಹೆಸರು ಬರೆಸು. ಫಾರಂನಲ್ಲಿ ಇದ್ದದ್ದು ಇದ್ದ ಹಾಗೆ ಬರಿ. ಕುಡಿತ ಬೇಡ, ಪಾರ್ಟಿಯಲ್ಲಿ ಎಷ್ಟೇ ಬಲವಂತ ಮಾಡಿದರೂ. ಕಾಫಿ ಕುಡಿ. ನನ್ನ ಲಿವರ್ ಡಾಕ್ಟರೇ ಕಾಫಿ ಲಿವರಿಗೆ ಒಳ್ಳೆಯದು ಎಂದಾಗ, ನಮ್ಮ ಊರಿನ ಬೆಳೆ ಅದು ಅಂತ ಎಷ್ಟು ಹೆಮ್ಮೆಯಿಂದ ಹೇಳಿದೆ ಗೊತ್ತಾ.

ಅತ್ತೆ ಬೇಡ ಅಂದರೆ ನನಗೆ ಫೋನ್ ಕೊಡು, ನಾನು ಮಾತಾಡುತ್ತೇನೆ. ರಿಪೋರ್ಟುಗಳನ್ನು ಕೈಚೀಲದಲ್ಲಿ ಪಾಸ್‌ಪೋರ್ಟ್ ಜೊತೆ ಇಡು, ಪೆಟ್ಟಿಗೆಗೆ ಹಾಕಬೇಡ. ಮಗಳಿಗೆ ಇವತ್ತು ರಾತ್ರಿ ನಿನ್ನ ಕೈಯಲ್ಲೇ ತುತ್ತು ಹಾಕು. ಟೆಸ್ಟಿನ ಫಲಿತಾಂಶ ಬಂದ ದಿನ ಒಂದು ಮಾತು ತಿಳಿಸು. ಇಲ್ಲಿ ನಡುರಾತ್ರಿ ಆಗಿದ್ದರೂ ಪರವಾಗಿಲ್ಲ, ಎದ್ದೇ ಇರುತ್ತೇನೆ.